ಮೂಸಿ ನೋಡಿ ಅನ್ನುತ್ತಿದ್ದವರು

ಸಿಂಕಿನ ಕೆಳಗಿನ ಪೈಪು ಬಿಚ್ಚಿದಾಗ ಬರುವ ವಾಸನೆಯನ್ನು ನಾವೆಲ್ಲ ಗಬ್ಬು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವರು ಹಾಗೆ ಮುಗಿಸುತ್ತಿರಲಿಲ್ಲ. ಹಳಸಿದ್ದು ಬೇರೆ, ಕೊಳೆತದ್ದು ಬೇರೆ, ಸತ್ತದ್ದು ಬೇರೆ. ಬಿಚ್ಚಿದ ನೀರಿನ ಫಿಲ್ಟರಿನಿಂದ ಸೋಸುವ ಕ್ಯಾಂಡಲ್ ಹೊರತೆಗೆದು, ಮೂಗಿನ ಹತ್ತಿರ ಹಿಡಿದು, ಸಂತೆಯಲ್ಲಿ ಮಲ್ಲಿಗೆ ಕೊಳ್ಳುವವರ ಹಾಗೆ ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆಯುತ್ತಿದ್ದರು. "ಇದು ಬರೀ ಪಾಚಿ ಸಾರ್, ಭಯ ಇಲ್ಲ" ಅನ್ನುತ್ತಿದ್ದರು, ಇಲ್ಲವೇ "ಏನೋ ಸತ್ತೈತೆ, ಟ್ಯಾಂಕ್ ನೋಡ್ಬೇಕು" ಅನ್ನುತ್ತಿದ್ದರು. ಆಮೇಲೆ ಆ ಲೋಳೆ ಸುರಿಯುವ ವಸ್ತುವನ್ನು ಮನೆಯವರ ಮುಖದ ಮುಂದೆ ಹಿಡಿದು, "ತಗಳಿ, ಮೂಸಿ ನೋಡಿ" ಎನ್ನುವರು. ಮನೆಯವರು ಮೂಸುವ ತನಕ ಮುಂದಿನ ಸ್ಕ್ರೂ ಮುಟ್ಟುತ್ತಿರಲಿಲ್ಲ.

ನನಗೆ ಹುಟ್ಟಿನಿಂದ ಹೇಸಿಗೆ ಜಾಸ್ತಿ. ಕಡೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ನಾನು, ಯಾರಾದರೂ ಎಂಜಲು ಹಚ್ಚಿ ಹಾಳೆ ತಿರುವಿದರೆ ಆ ಪುಸ್ತಕವನ್ನು ಎರಡು ದಿನ ಮುಟ್ಟುವುದಿಲ್ಲ. ಹೋಟೆಲಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡದೆ ಕುಡಿದವನಲ್ಲ. ಅಂಥವನ ಮೂಗಿಗೆ ಅವರು ಮೊದಲ ಸಲ ಕ್ಯಾಂಡಲ್ ಹಿಡಿದಾಗ ನಾನು ಬಚ್ಚಲಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ಹೊರಗೆ ಬಂದಾಗ ಅವರು ನಗಲಿಲ್ಲ.

"ಕುಡಿಯೋಕ್ ಆಯ್ತದೆ, ಮೂಸೋಕ್ ಆಗಲ್ವಾ ಸಾರ್?" ಅಂದರು.

ನಮ್ಮ ಕಡೆ ಅವರನ್ನು ಫಿಲ್ಟರ್ ಸಾಬರು ಎನ್ನುತ್ತಿದ್ದರು. ನಿಜ ಹೆಸರು ನನಗೆ ಗೊತ್ತಿತ್ತು, ಇಲ್ಲಿ ಬೇಡ. ತರೀಕೆರೆಯವರು. ಮನೆಯಲ್ಲಿ ದಖ್ಖನಿ ಮಾತು, ಹೊರಗೆ ನಮ್ಮೆಲ್ಲರಿಗಿಂತ ಸಲೀಸಾದ ಕನ್ನಡ. ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರಂತೆ. ಊರೂರಿಗೆ ಬೋರ್‌ವೆಲ್ಲಿನ ಗಡಸು ನೀರು ಬಂದು, ಪಾತ್ರೆಗಳ ತಳದಲ್ಲೆಲ್ಲ ಬಿಳಿ ಕಟ್ಟತೊಡಗಿ, ಮನೆಮನೆಗೆ ಫಿಲ್ಟರ್ ಬಂದ ಮೇಲೆ ಈ ಕೆಲಸ ಹಿಡಿದರು. ವಾರದಲ್ಲಿ ಒಂದು ದಿನ ಕಡೂರು, ಒಂದು ದಿನ ಅಜ್ಜಂಪುರ, ಉಳಿದಂತೆ ತರೀಕೆರೆ. ಎರಡು ಚೀಲ ಹೆಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿಳಿಯುತ್ತಿದ್ದರು. ಒಂದರಲ್ಲಿ ಸ್ಪ್ಯಾನರ್, ಪೈಪು, ವಾಷರ್. ಇನ್ನೊಂದರಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷುಗಳು, ಹತ್ತಿಪ್ಪತ್ತಾದರೂ ಇರುತ್ತಿದ್ದವು. ಸಂದಿಗೊಂದಿ ಉಜ್ಜುವುದಕ್ಕೆ ಬ್ರಷ್ಷಿಗಿಂತ ಒಳ್ಳೆಯದಿಲ್ಲ ಎಂದು ಅವರ ನಂಬಿಕೆ.

ಕೆಲಸ ಶುರು ಮಾಡುವಾಗ ವಾಚು ಬಿಚ್ಚಿ ಕಿಟಕಿಯಲ್ಲಿಟ್ಟು, ಅಂಗಾತ ಮಲಗಿ ಸಿಂಕಿನ ಕೆಳಗೆ ತೂರಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಅವರ ಕಾಲು ಮಾತ್ರ ಕಾಣುತ್ತಿತ್ತು; ಮಾತೆಲ್ಲ ಒಳಗಿಂದ ಬರುತ್ತಿತ್ತು. ಮುಗಿದ ಮೇಲೆ ಸೋಪು ಕೇಳುತ್ತಿರಲಿಲ್ಲ, ಒಂದು ಚೂರು ಹುಣಸೆಹಣ್ಣು ಕೇಳುತ್ತಿದ್ದರು. ಅದನ್ನು ಬೆರಳ ಸಂದಿಗೆಲ್ಲ ತಿಕ್ಕಿ ತೊಳೆದು, ಆಮೇಲೆ ತಮ್ಮ ಕೈಯನ್ನೂ ಒಮ್ಮೆ ಮೂಸಿ ನೋಡಿಕೊಳ್ಳುತ್ತಿದ್ದರು.

ಬಾಯಿ ಮಾತ್ರ ಸ್ವಲ್ಪ ಜೋರು. ಸಿಂಗಟಗೆರೆಯ ಒಂದು ಮನೆಯಲ್ಲಿ ಫಿಲ್ಟರಿಗೆ ಪ್ರತಿ ಆಯುಧಪೂಜೆಗೂ ಕುಂಕುಮ, ವಿಭೂತಿ ಹಚ್ಚಿ ಹೂ ಮುಡಿಸಿ ಐದಾರು ವರ್ಷ ಕಳೆದಿದ್ದರಂತೆ, ಒಂದು ಸಲವೂ ಬಿಚ್ಚಿರಲಿಲ್ಲ. ಇವರು ಬಿಚ್ಚಿದಾಗ ಕಪ್ಪು ಲೋಳೆಯ ಒಂದು ಉಂಡೆಯೇ ಜಾರಿ ನೆಲಕ್ಕೆ ಬಿತ್ತಂತೆ. "ಹೊರಗಡೆ ಇಷ್ಟು ಭಕ್ತಿ ಮಾಡೀರಿ, ಒಳಗೇನೈತೆ ಅಂತ ಒಂದ್ಸಲ ಇಣುಕಿ ನೋಡ್ಬಾರ್ದಾ ಯಜಮಾನ್ರೇ?" ಎಂದು ಕೇಳಿ ಆ ಮನೆಯ ಯಜಮಾನರಿಂದ ಉಗಿಸಿಕೊಂಡು ಬಂದಿದ್ದರು. ಅದನ್ನು ಅವರೇ ನಮ್ಮ ಸಿಂಕಿನ ಕೆಳಗಿಂದ ಹೇಳಿದ್ದು.

ನಾನು ಅವರಿಗೆ ಟೀ ಕೊಡುತ್ತಿದ್ದೆ, ಆದರೆ ಪೇಪರ್ ಕಪ್ಪಿನಲ್ಲಿ. ಬೇರೆ ಯಾರು ಬಂದರೂ ಮನೆಯಲ್ಲಿ ಸ್ಟೀಲ್ ಲೋಟ. ಅವರ ಜಾತಿಗಲ್ಲ, ಅವರು ಮುಟ್ಟುವ ಕೊಳಕಿಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರೂ ಕುಡಿದ ಕಪ್ಪನ್ನು ಮುದುರಿ, ನಮ್ಮ ಕಸದ ಬುಟ್ಟಿಗೆ ಹಾಕದೆ, ತಮ್ಮ ಚೀಲದಲ್ಲೇ ಹಾಕಿಕೊಂಡು ಹೋಗುತ್ತಿದ್ದರು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ಇದು ಸಣ್ಣ ಅಸಹ್ಯ. ದೊಡ್ಡದು ಬೇರೆ ಇದೆ.

ಕೆಲವು ವರ್ಷಗಳ ಹಿಂದೆ ನಾವು ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದೆವು. ಬಿಳೀ ಟೈಲ್ಸ್, ಮಧ್ಯೆ ಒಂದು ಗೆರೆಯೂ ಇಲ್ಲದ್ದು. ಒಂದು ಕಲೆ ಬಿದ್ದರೂ ಕಾಣಬೇಕು ಎಂದು ನಾನೇ ಆರಿಸಿದ್ದೆ. ಹಳೆಯ ಫಿಲ್ಟರ್ ತೆಗೆಸಿ ಹೊಸದನ್ನು ಕೂರಿಸಲು ಸಾಬರನ್ನು ಕರೆಸಿದ ದಿನ ಹೆಂಡತಿ ಮನೆಯಲ್ಲಿರಲಿಲ್ಲ. ಅವಳ ತಾಯಿಗೆ ವಯಸ್ಸಾಗಿತ್ತು. ಅವರನ್ನು ನಮ್ಮಲ್ಲೇ ಇಟ್ಟುಕೊಳ್ಳುವುದೆಂದು ಮಾತಾಗಿ, ಕರೆತರಲು ಅವಳು ಅಜ್ಜಂಪುರದ ಹತ್ತಿರದ ತನ್ನ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಸಾಬರು, ಇಬ್ಬರೇ.

ಅವರು ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕಲು ಹೋದರು. ನಾನು ಅವರ ಕೈ ಹಿಡಿದೆ.

"ಸಾಬ್ರೇ, ಟೈಲ್ಸಿಗೆ ತೂತು ಹೊಡೀಬೇಡಿ."

"ಮತ್ತೆ ಗಾಳೀಲಿ ನಿಲ್ಸಲಾ ಸಾರ್?"

"ತೂತು ಬಿದ್ರೆ ಅದರೊಳಗೆ ಜಿರಳೆ ಸೇರ್ಕೊಳುತ್ತೆ. ಸ್ಲ್ಯಾಬಿನ ಕೆಳಗೆ ಇಡಿ. ಸಿಂಕಿನ ಪಕ್ಕ ಜಾಗ ಇದೆ."

ಅವರು ಬಗ್ಗಿ ನೋಡಿದರು. ಕೆಳಗೆ ಇಡಬಹುದಿತ್ತು. ತೊಂದರೆ ಇದ್ದದ್ದು ಇನ್ನೊಂದರಲ್ಲಿ. ಶುದ್ಧವಾದ ನೀರು ತುಂಬಿಕೊಳ್ಳುವ ಡಬ್ಬಕ್ಕೆ, ತುಂಬಿ ಹೆಚ್ಚಾದದ್ದು ಹೊರಗೆ ಹೋಗಲು ಒಂದು ಸಣ್ಣ ಪೈಪಿರುತ್ತದೆ. ಡಬ್ಬ ಗೋಡೆಯ ಮೇಲಿದ್ದರೆ ಆ ಪೈಪು ಸಿಂಕಿನೊಳಗೆ ನೇತಾಡುತ್ತದೆ, ನೀರು ತೊಟ್ಟಿಕ್ಕಿ ಹೋಗುತ್ತದೆ. ಡಬ್ಬ ಸಿಂಕಿಗಿಂತ ಕೆಳಗಿದ್ದರೆ ಅದನ್ನು ಸಿಂಕಿನ ಕೊಳಕು ನೀರು ಹೋಗುವ ಪೈಪಿಗೇ ಸೇರಿಸಬೇಕು.

"ಹಂಗ್ ಕೊಡಬಾರ್ದು ಸಾರ್" ಅಂದರು. "ಸಿಂಕ್ ಕಟ್ಕೊಂಡ್ರೆ ಆ ನೀರು ಈ ಪೈಪಲ್ಲಿ ವಾಪಸ್ ಬಂದು ಡಬ್ಬಕ್ಕೆ ಬೀಳ್ತದೆ. ಇಲ್ಲಾ ಅಂದ್ರೆ ಕೆಳಗೊಂದು ಬಕೆಟ್ ಇಟ್ಕೊಳಿ, ಅದಕ್ಕೆ ಬಿಡ್ತೀನಿ."

"ಅಡುಗೆಮನೇಲಿ ದಿನಾ ಬಕೆಟ್ಟಲ್ಲಿ ನೀರು ನಿಲ್ಲೋದಾ? ಸೊಳ್ಳೆ ಮೊಟ್ಟೆ ಇಡುತ್ತೆ. ಪೈಪಿಗೇ ಕೊಡಿ. ಸಿಂಕ್ ಕಟ್ಟೋಕೆ ನಾನು ಬಿಡಲ್ಲ."

ಅವರು ನನ್ನ ಮುಖ ನೋಡಿದರು, ಟೈಲ್ಸ್ ನೋಡಿದರು. "ನಿಮ್ಮಿಷ್ಟ. ಸಿಂಕ್ ಮಾತ್ರ ಜ್ವಾಪಾನ" ಎಂದು ಮಲಗಿ ಒಳಗೆ ತೂರಿಕೊಂಡರು.

ಮಾರನೆಯ ದಿನ ಅತ್ತೆ ಬಂದರು. ಮಂಡಿನೋವಿನಿಂದ ಅವರು ಹೆಚ್ಚು ಹೊತ್ತು ಅಡುಗೆಮನೆಯಲ್ಲಿ ಒಂದು ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಕೂತಲ್ಲಿಂದಲೇ ಕೈಗೆಟುಕುವ ಫಿಲ್ಟರಿನ ನಲ್ಲಿ ಕಂಡು ಅವರಿಗೆ ಖುಷಿಯಾಯಿತು. "ನಂಗೇ ಅಂತ ಮಾಡ್ಸಿದಂಗಿದೆ ಕಣಪ್ಪ" ಅಂದರು. ನಾನು ಹೌದೆನ್ನುವ ಹಾಗೆ ನಕ್ಕೆ.

ಸಾಬರಿಗೂ ಅತ್ತೆಗೂ ಹೊಂದಿಕೆಯಾಯಿತು. ಮೊದಮೊದಲು ಅವರು ಸರ್ವೀಸಿಗೆ ಬಂದಾಗ ಅತ್ತೆ ಮಣೆ ಸರಿಸಿಕೊಂಡು ಪಕ್ಕದಲ್ಲೇ ಕೂತು ಊರ ಸುದ್ದಿ ಕೇಳುವರು. ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ಹೇಗಿದೆ, ತೆಂಗಿನ ಮರಕ್ಕೆ ಈ ಸಲ ಯಾವ ರೋಗ, ಇಂಥದ್ದು. ಕ್ಯಾಂಡಲ್ ಮೂಸಿ ನೋಡಿ ಎಂದರೆ ಹಿಂದೆಗೆಯದೆ ಮೂಸಿದವರು ನಮ್ಮ ಮನೆಯಲ್ಲಿ ಅತ್ತೆ ಒಬ್ಬರೇ. "ನಮ್ಮ ಎಮ್ಮೆ ಕೊಟ್ಟಿಗೆ ಇದಕ್ಕಿಂತ ವಾಸಿ ಬುಡಿ ಸಾಬ್ರೇ" ಎಂದು ಅವರು ಅಂದರೆ ಸಿಂಕಿನ ಕೆಳಗಿಂದ ನಗು ಕೇಳಿಸುತ್ತಿತ್ತು.

ಸಿಂಕು ಕಟ್ಟಲು ಬಿಡುವುದಿಲ್ಲ ಎಂದಿದ್ದೆನಲ್ಲ, ಬಿಟ್ಟೆ. ಅನ್ನದ ಅಗುಳು, ಕರಿಬೇವು, ತಲೆಗೂದಲು, ಎಣ್ಣೆ ಜಿಡ್ಡು ಸೇರಿ ಜಾಲರಿಯ ಕೆಳಗೆ ಮೇಣದ ಹಾಗೆ ಕೂರುತ್ತಿತ್ತು. ಕೈ ಹಾಕಿ ತೆಗೆಯಬೇಕಾದದ್ದು ನಾನು. ಹೆಂಡತಿ ಅಂಗನವಾಡಿಗೆ ಹೋಗುತ್ತಿದ್ದಳು. ಪಾತ್ರೆ ತೊಳೆಯುವುದು ಅವಳದು, ಸಿಂಕು ಬಿಡಿಸುವುದು ನನ್ನದು ಎಂದು ಮಾತಾಗಿತ್ತು. ಕೈ ಹಾಕುವುದಿರಲಿ, ಅದನ್ನು ನೋಡಿದರೇ ನಾನು ಹಿಂದೆ ಸರಿಯುತ್ತಿದ್ದೆ. ಬಿಸಿನೀರು ಸುರಿಯುತ್ತಿದ್ದೆ, ಅಂಗಡಿಯಿಂದ ತಂದ ಪೈಪು ಬಿಡಿಸುವ ಪುಡಿ ಹಾಕುತ್ತಿದ್ದೆ. ನೀರು ಕಂಠದವರೆಗೆ ನಿಂತು, ಗಂಟೆಗಟ್ಟಲೆ ಆದ ಮೇಲೆ ಹೇಗೋ ಇಳಿದುಹೋಗುತ್ತಿತ್ತು. ಎಲ್ಲಿಗೆ ಇಳಿಯುತ್ತಿತ್ತು ಎಂದು ಯೋಚಿಸಲಿಲ್ಲ. ಸಾಬರನ್ನು ಆರು ತಿಂಗಳಿಗೊಮ್ಮೆ ಕರೆಸಬೇಕಿತ್ತು, ಮೊದಲ ಕೆಲವು ಸಲ ಕರೆಸಿಯೂ ಇದ್ದೆ. ಕರೆಸಿದರೆ ಮೂಸಿ ನೋಡಿ ಅನ್ನುತ್ತಾರೆ. ಆಮೇಲೆ ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಒಂದೂವರೆ ವರ್ಷ ದೂಡಿದೆ.

ಆ ಮಳೆಗಾಲದಲ್ಲಿ ಅತ್ತೆಗೆ ಭೇದಿ ಶುರುವಾಯಿತು. ನಮಗೂ ಒಂದೆರಡು ದಿನ ಹೊಟ್ಟೆ ಕೆಟ್ಟಿತು, ಮಾತ್ರೆ ನುಂಗಿ ಸರಿಹೋದೆವು. ಅತ್ತೆಗೆ ನಿಂತ ಹಾಗೆ ಆಗಿ ಮತ್ತೆ ಬಂತು, ಮೂರನೆಯ ಸಲ ಬಂದಾಗ ಅವರು ಮಣೆಯಿಂದ ಏಳಲಾರದೆ ಅಲ್ಲೇ ಬಟ್ಟೆಯಲ್ಲಿ ಮಾಡಿಕೊಂಡರು. ನಾಚಿಕೆಯಿಂದ ಮುಖ ಮುಚ್ಚಿಕೊಂಡು ಅತ್ತರು. ಹೆಂಡತಿ ತೊಳೆದಳು. ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು ಹೊರಗೆ ನಿಂತಿದ್ದೆ.

"ನೀರು ಕುದಿಸಿ ಕೊಡ್ತಿದ್ದೀರಾ?" ಎಂದು ಡಾಕ್ಟರು ಕೇಳಿದರು.

"ನಮ್ಮನೇಲಿ ಫಿಲ್ಟರ್ ಇದೆ ಸಾರ್" ಎಂದೆ, ಜಂಬದಿಂದ.

ಮನೆಗೆ ಬಂದು ಅದೇ ನಲ್ಲಿಯಿಂದ ನೀರು ಹಿಡಿದು, ಸಕ್ಕರೆ ಉಪ್ಪು ಕದಡಿ ಅವರಿಗೆ ಚಮಚದಲ್ಲಿ ಕುಡಿಸಿದೆವು. ಕೊನೆಗೆ ಮೂತ್ರ ನಿಂತುಹೋಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಐದನೆಯ ದಿನ ಅವರು ತೀರಿಕೊಂಡರು. ವಯಸ್ಸು, ಕಿಡ್ನಿ, ನಿರ್ಜಲೀಕರಣ ಎಂದರು. ನೀರಿನಿಂದಲೇ ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ, ರಾಶಿ ಪಾತ್ರೆ ತೊಳೆದು ಸಿಂಕು ಪೂರ್ತಿ ಕಟ್ಟಿಕೊಂಡಿತು. ಅವತ್ತು ಮಧ್ಯಾಹ್ನ ಹೆಂಡತಿ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದಳು. ಹಿಡಿದವಳು ಹಾಗೇ ನಿಂತಳು. ಲೋಟದಲ್ಲಿ ಒಂದು ಸಾಸಿವೆ ಕಾಳು ತೇಲುತ್ತಿತ್ತು, ಅದರ ಸುತ್ತ ಎಣ್ಣೆಯ ಒಂದು ಬಳೆ.

ಫೋನ್ ಮಾಡಿದ್ದಕ್ಕೆ ಸಾಬರು ಆ ದಿನವೇ ಬಸ್ಸು ಹತ್ತಿ ಬಂದರು. ಅತ್ತೆ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲೇ ಕೇಳಿ, ಚೀಲ ಕೆಳಗಿಟ್ಟರು. ಆಮೇಲೆ ಒಳಗೆ ಬಂದು ಡಬ್ಬದ ಮುಚ್ಚಳ ತೆಗೆದರು.

ಅದರೊಳಗೆ ಏನಿತ್ತು ಎಂದು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಾವು ಅದನ್ನು ಕುಡಿದಿದ್ದೆವು. ಗೋಡೆಗಳಿಗೆ ಕಫದಂಥ ಲೋಳೆ ಬೆರಳು ದಪ್ಪ ಅಂಟಿತ್ತು. ತಳದಲ್ಲಿ ಉಬ್ಬಿ ಒಡೆದ ಅನ್ನದ ಅಗುಳು, ಕಪ್ಪಾದ ಕರಿಬೇವಿನ ಎಲೆ, ಉದ್ದನೆಯ ಒಂದು ಬಿಳಿ ಕೂದಲು. ಲೋಳೆಯಲ್ಲಿ ಏನೋ ಸಣ್ಣಗೆ ಬಿಳಿಯದು ಮಿಸುಕಾಡುತ್ತಿತ್ತು. ವಾಸನೆ ಮನೆಯಲ್ಲೆಲ್ಲ ತುಂಬಿಕೊಂಡಿತು.

ಸಾಬರು ಈ ಸಲ ಮೂಸಿ ನೋಡಿ ಎನ್ನಲಿಲ್ಲ. ತಾವೇ ಬೆರಳಿನಿಂದ ತೆಗೆದು ಮೂಸಿದರು. ಕಟ್ಟಿದ ಸಿಂಕನ್ನು ನೋಡಿದರು, ಸಣ್ಣ ಪೈಪನ್ನು ನೋಡಿದರು. ನೆಲಕ್ಕೆ ಕೂತುಬಿಟ್ಟರು.

"ಏನಾಗಿದೆ?" ಎಂದಳು ಹೆಂಡತಿ.

ಅವರು ಹೇಳಿದರು. ಸಿಂಕಿನ ನೀರು ವಾಪಸು ಬಂದಿದೆ, ಬಹಳ ದಿನದಿಂದ ಬರುತ್ತಿದೆ, ನೀವು ಕುಡಿಯುತ್ತಿದ್ದುದು ಅದನ್ನೇ.

"ಹೀಗೆ ಯಾರು ಕೊಟ್ಟಿದ್ದು ಪೈಪ್ನ?"

ಸಾಬರು ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಉಸಿರಿನಷ್ಟು ಹೊತ್ತು ಅಷ್ಟೇ. ಆ ಹೊತ್ತಿನಲ್ಲಿ ನಾನು ಹೇಳಬಹುದಿತ್ತು. ನಾನು ನೆಲ ನೋಡಿದೆ.

"ನಾನೇ ಕಣಮ್ಮ" ಅಂದರು. "ಇದು ನನ್ ಕೈ ಕೆಲ್ಸ."

ಹೆಂಡತಿ ಹದಿನೈದು ದಿನ ನುಂಗಿಕೊಂಡಿದ್ದದ್ದೆಲ್ಲ ಅವರ ಮೇಲೆ ಬಿತ್ತು. ನಮ್ಮಮ್ಮನ ಕೊಂದೆ, ನಿನ್ನ ಮನೆ ಹಾಳಾಗ, ನಿನ್ನ ಕೈಗೆ ಹುಳ ಬೀಳ. ಅವಳ ಬಾಯಲ್ಲಿ ಅಂಥ ಮಾತು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅವಳು ಸುಸ್ತಾಗಿ ನಿಲ್ಲಿಸಿದಾಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಥೂ! ನಿಮ್ಮನ್ನ ನಂಬಿ ಮನೆಯೊಳಗೆ ಬಿಟ್ಕೊಂಡ್ವಲ್ಲ" ಎಂದೆ.

ಅವರು ಮೇಲೆ ನೋಡಲಿಲ್ಲ. ತೋಳಿನವರೆಗೆ ಕೈ ಹಾಕಿ ಸಿಂಕಿನ ಪೈಪು ಬಿಡಿಸಿದರು. ಒಂದು ಬಕೆಟ್ಟು ಕೊಳೆ ಹೊತ್ತುಕೊಂಡು ಹೋಗಿ ಚರಂಡಿಗೆ ಸುರಿದು ಬಂದರು. ಆಮೇಲೆ ಡ್ರಿಲ್ ತೆಗೆದು, ಯಾರನ್ನೂ ಕೇಳದೆ, ಬಿಳೀ ಟೈಲ್ಸಿಗೆ ನಾಲ್ಕು ತೂತು ಹೊಡೆದು ತಾವು ತಂದಿದ್ದ ಹೊಸ ಡಬ್ಬ ಗೋಡೆಗೆ ಕೂರಿಸಿದರು. ಹುಣಸೆಹಣ್ಣು ಕೇಳಲಿಲ್ಲ. ಆ ಕೈಯಲ್ಲೇ ಚೀಲ ಎತ್ತಿಕೊಂಡು ಹೊರಟರು.

ಮುಂದಿನ ಸುದ್ದಿ ನನಗೆ ಗೊತ್ತಾದದ್ದು ಅಜ್ಜಂಪುರದಿಂದ ದಿನಾ ಓಡಾಡುವ ನಮ್ಮ ಕಾಲೇಜಿನ ಒಬ್ಬ ಲೆಕ್ಚರರಿಂದ. ಒಂದು ಬೆಳಿಗ್ಗೆ ಸಾಬರು ಕರೆಯದೆಯೇ ಅವರ ಮನೆಗೆ ಬಂದು ನಿಂತಿದ್ದರಂತೆ.

"ಕಡೂರಿನ ಒಂದು ಮನೇಲಿ ನಾನು ತಪ್ಪು ಮಾಡಿದೀನಿ ಸಾರ್. ನಿಮ್ಮನೇಲೂ ಹಂಗೇ ಪೈಪ್ ಕೊಟ್ಟಿದೀನಿ. ಅಲ್ಲೊಬ್ರು ತಾಯಿ ಹೋಗ್ಬಿಟ್ರು. ಬಿಚ್ಚಿ ಬೇರೆ ಥರ ಕೊಡ್ತೀನಿ, ಒಳಗ್ ಬಿಡಿ" ಎಂದರಂತೆ.

ಕಡೂರಿನ ನಮ್ಮ ಮನೆಯಲ್ಲಿ ಮೊದಲೆಲ್ಲ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯದಿಂದ ಆಗ ಬೇರೆ ಮನೆಗಳಲ್ಲೂ, ಸ್ಲ್ಯಾಬಿನ ಕೆಳಗೆ ಬೇಕೆಂದು ಕೇಳಿದವರಿಗೆಲ್ಲ, ಅವರು ಹಾಗೇ ಜೋಡಿಸಿದ್ದರು. ಅದು ಅವರ ತಪ್ಪೇ, ನಾನು ಇಲ್ಲವೆನ್ನುವುದಿಲ್ಲ. ಈಗ ಅಂಥ ಮನೆಗಳಿಗೆಲ್ಲ ಒಂದೊಂದಾಗಿ ಹೋಗುತ್ತಿದ್ದರು. ಕೆಲವರು ಮಾಡಿಸಿಕೊಂಡರು. ಕೆಲವರು, ಹೊಸ ಸಾಮಾನು ತಲೆಗೆ ಕಟ್ಟಲು ಬಂದಿದ್ದಾನೆ ಎಂದು ಗೇಟಿನಲ್ಲೇ ನಿಲ್ಲಿಸಿ ಕಳಿಸಿದರು. ತರೀಕೆರೆಯ ಒಂದು ಮನೆಯಲ್ಲಿ ಬಿಚ್ಚಿದ ಡಬ್ಬದಲ್ಲಿ ಕೊಳೆ ಕಂಡು ಮನೆಯ ಯಜಮಾನ ಒಂದು ಲೋಟ ಅದೇ ನೀರು ಹಿಡಿದು ಮುಂದಿಟ್ಟನಂತೆ. "ನಮ್ಗೆ ಕುಡಿಸಿದ್ಯಲ್ಲ, ಈಗ ನೀನ್ ಕುಡಿಯಲೇ" ಅಂದನಂತೆ. ಸಾಬರು ಕುಡಿದರು. ಬಸ್ ಸ್ಟ್ಯಾಂಡಿನವರೆಗೆ ಹೇಗೋ ಬಂದು, ಅಲ್ಲಿ ಕಂಬ ಹಿಡಿದುಕೊಂಡು ಜನರೆಲ್ಲ ನೋಡುವ ಹಾಗೆ ಕಾರಿಕೊಂಡರು.

ಲೆಕ್ಚರರು ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಐದಾರು ಜನ ಇದ್ದೆವು. ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು. ಅದನ್ನು ಬರೆಯದಿದ್ದರೆ ಇದೆಲ್ಲ ಬರೆದು ಪ್ರಯೋಜನವಿಲ್ಲ. ಅಷ್ಟು ಸಾಲದೆ ನಾನು ನಮ್ಮ ಮನೆಯ ಕಥೆಯನ್ನೂ ಹೇಳಿದೆ. ಸಾಸಿವೆ ಕಾಳು, ಲೋಳೆ, ಅತ್ತೆ, ಎಲ್ಲ ಬಂತು. ಟೈಲ್ಸ್ ಬರಲಿಲ್ಲ, ಬಕೆಟ್ಟು ಬರಲಿಲ್ಲ, ಹಂಗ್ ಕೊಡಬಾರ್ದು ಸಾರ್ ಎಂಬ ಮಾತು ಬರಲಿಲ್ಲ. ಬ್ಯಾಂಕಿನಲ್ಲಿ ಹೇಳಿದೆ, ಕಟಿಂಗ್ ಅಂಗಡಿಯಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ಅದು ನನಗೂ ನಿಜವಾಗತೊಡಗಿತು. ಕಡೂರಿನಲ್ಲಿ ಅವರನ್ನು ಕರೆಯುವವರೇ ಇಲ್ಲವಾದರು. ಆಮೇಲೆ ಬೇರೆ ಕಡೆಯೂ.

ಅದಾದ ಮೇಲೆ ಒಂದೇ ಸಲ ಅವರನ್ನು ಕಂಡೆ, ಬೀರೂರಿನ ಬಸ್ ಸ್ಟ್ಯಾಂಡಿನಲ್ಲಿ. ಹೆಗಲ ಮೇಲೆ ಒಂದೇ ಚೀಲ ಇತ್ತು. ಕುಕ್ಕರ್, ಮಿಕ್ಸಿ ರಿಪೇರಿಗೆ ಇಳಿದಿದ್ದಾರೆಂದು ಕೇಳಿದ್ದೆ. ನನ್ನನ್ನು ಕಂಡು ಹತ್ತಿರ ಬಂದರು.

"ಚೆನ್ನಾಗಿದೀರಾ ಸಾರ್? ಅಮ್ಮಾವ್ರು ಹೆಂಗವ್ರೆ? ನೀರು ಸರಿಯಾಗ್ ಬತ್ತೈತಾ?"

ನಾನು ಬಸ್ಸಿನ ಬೋರ್ಡು ಓದುವವನ ಹಾಗೆ ಮುಖ ತಿರುಗಿಸಿಕೊಂಡೆ. ಅವರು "ಆಯ್ತು ಸಾರ್, ಬತ್ತೀನಿ" ಎಂದು ಹೋದರು.

ಹೋದ ತಿಂಗಳು ಅದೇ ಲೆಕ್ಚರರು, ಫಿಲ್ಟರ್ ಸಾಬರು ತೀರಿಕೊಂಡರಂತೆ, ಎದೆನೋವಂತೆ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ತರೀಕೆರೆಗೆ ಹೋಗಿ ಬರುತ್ತೇನೆ ಎಂದೆ. "ಹೋಗೋದಾದ್ರೆ ನೀವು ಹೋಗಿ. ಆ ಮನುಷ್ಯನ ಮನೆಗೆ ನಾನ್ ಬರಲ್ಲ" ಅಂದಳು.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಮನೆ, ಎರಡೇ ಕೋಣೆ. ಇಷ್ಟು ಚೊಕ್ಕಟವಾದ ಮನೆ ನಾನು ನೋಡಿಲ್ಲ. ನೆಲ ಕನ್ನಡಿಯ ಹಾಗಿತ್ತು. ಕೂತ ಮೇಲೂ ನನ್ನ ಕಣ್ಣು ಮೂಲೆಮೂಲೆಯಲ್ಲಿ ಕಸ ಹುಡುಕುತ್ತಿತ್ತು, ಅಭ್ಯಾಸ. ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಪಕ್ಕ ಕೂತಿದ್ದರು. ನಾನು ಪರಿಚಯ ಹೇಳಿಕೊಂಡೆ, ಕಡೂರು, ಕಾಲೇಜಿನ ಲೈಬ್ರರಿ ಎಂದೆ. ಅವರು ಮುಖ ಎತ್ತಿದರು.

"ಟೈಲ್ಸ್ ಮನೆಯೋರಾ?" ಅಂದರು.

ಹೂಂ ಎಂದು ತಲೆಯಾಡಿಸಿದೆ.

"ನಮ್ಮನೇಲಿ ನಿಮಗೆ ಅದೇ ಹೆಸ್ರು. ನನ್ಗೆ ಅವ್ರು ಎಲ್ಲಾ ಹೇಳಿದ್ರು. ಗೋಡೆಗೆ ತೂತು ಬೇಡ ಅಂದಿದ್ದು, ಬಕೆಟ್ಟು ಬೇಡ ಅಂದಿದ್ದು." ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ದಣಿವಿತ್ತು. "ನಾನು ದಿನಾ ಜಗಳ ಆಡಿದೀನಿ. ಯಾಕ್ ಒಬ್ರೇ ಹೊತ್ಕೊಂಡ್ ತಿರುಗ್ತೀರಿ, ಆ ಮನೆ ಯಜಮಾನ್ರೇ ಹೇಳಿದ್ದು ಅಂತ ಊರಿಗೆ ಹೇಳ್ರಿ ಅಂತ. ಕೇಳಲಿಲ್ಲ."

"ಯಾಕಂತೆ?" ಎಂದೆ.

"ಆ ಹೆಣ್ಮಗಳು ತಾಯೀನ ಕಳ್ಕೊಂಡವ್ಳೆ. ಇದೂ ಗೊತ್ತಾದ್ರೆ ಗಂಡನ್ನೂ ಕಳ್ಕೊತಾಳೆ ಅಂದ್ರು. ಪೈಪ್ ಕೊಟ್ಟ ಕೈ ನಂದೇ ಅಲ್ವಾ, ಅವ್ರ ಮನೆ ಯಾಕ್ ಒಡೀಬೇಕು ಅಂದ್ರು. ಅಷ್ಟೇ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವ್ರಿಗೆ ಕೆಲ್ಸ ಹೋಗಿದ್ಕೆ ಅಷ್ಟು ಬೇಜಾರಿರ್ಲಿಲ್ಲ. ಬೀರೂರಲ್ಲಿ ನೀವು ಮಾತಾಡಿಸ್ಲಿಲ್ಲ ಅಂತ ಬಂದ್ ಹೇಳಿದ್ರು. ಅವತ್ತು ಊಟ ಮಾಡ್ಲಿಲ್ಲ."

ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ಎಂದಿದ್ದರೂ ಆ ಮಾತು ಆ ಮನೆಯಲ್ಲಿ ಇಡಲು ಜಾಗ ಸಿಗದೆ ನನ್ನ ಜೊತೆಗೇ ವಾಪಸು ಬಂದಿರಬೇಕು.

ಕಡೂರಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ, ತಡೆದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. ಟೈಲ್ಸ್, ಪೈಪು, ಅವರು ಬೇಡವೆಂದದ್ದು, ನಾನು ಮಾಡಿ ಎಂದದ್ದು, ಅವಳು ಕೇಳಿದ ದಿನ ನಾನು ನೆಲ ನೋಡಿದ್ದು, ಊರಿಗೆಲ್ಲ ಹೇಳಿಕೊಂಡು ಬಂದದ್ದು. ಅವಳ ಬೆರಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ನಾನು ಅವ್ರಿಗೆ ಹುಳ ಬೀಳ ಅಂತ ಶಾಪ ಹಾಕ್ದಾಗ ನೀವು ಅಲ್ಲೇ ನಿಂತಿದ್ರಿ, ಅಲ್ವಾ?"

"ಹೂಂ."

"ನನ್ ಬಾಯಲ್ಲಿ ಅನ್ನಿಸ್ಬಿಟ್ರಲ್ಲ" ಅಂದಳು. ಮೊರದಲ್ಲಿದ್ದ ಕಾಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗನವಾಡಿಗೆ ರಜೆ ಹೇಳಿ, ಸೀರೆ ಬದಲಿಸಿ, ನನ್ನಿಂದ ಮನೆಯ ಗುರುತು ಕೇಳಿಕೊಂಡು ತರೀಕೆರೆಯ ಬಸ್ಸಿಗೆ ಹೊರಟಳು. ನಾನೂ ಬರಲಾ ಎಂದೆ. ಬೇಡ ಎಂದಳು. ಇಡೀ ದಿನ ನಾನು ಲೈಬ್ರರಿಯಲ್ಲಿ ಒಂದೇ ಪುಸ್ತಕವನ್ನು ಎರಡು ಸಲ ರಿಜಿಸ್ಟರಿಗೆ ಬರೆದೆ.

ಅವಳು ಮರಳಿದಾಗ ಇನ್ನೂ ಬೆಳಕಿತ್ತು. ಕಣ್ಣು ಊದಿಕೊಂಡಿದ್ದವು. ಕೈಕಾಲು ತೊಳೆದು ಬಂದು, ಕೋಣೆಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದಳು. ಏನು ಮಾತಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಾಗಿಲಲ್ಲಿ ನಿಂತು, "ಊಟ?" ಎಂದೆ.

"ನಂದಾಯ್ತು. ಅವ್ರ ಮನೇಲೇ ಮಾಡ್ದೆ, ಅವ್ರ ಹೆಂಡ್ತಿ ಜೊತೆ ಒಂದೇ ತಟ್ಟೇಲಿ" ಅಂದಳು. ತಿರುಗಿ ನೋಡಲಿಲ್ಲ. "ನೀವು ಬಡಿಸ್ಕೊಳಿ."